ಹೊಡೆದುಹಾಕಿದ ಗುರಿ

ಜೂನಿನಲ್ಲಿ ಶಾಲೆ ಶುರುವಾದ ವಾರವೇ ಮಗಳು 'ಈ ವರ್ಷದ ನನ್ನ ಗುರಿ' ಎಂಬ ಹಾಳೆಯನ್ನು ನನ್ನ ಸಹಿಗೆ ತಂದಳು. 'ಅಪ್ಪನ ಹಾಗೆ ಸೀರೆ ನೇಯಲು ಕಲಿಯುತ್ತೇನೆ' ಎಂದು ಬರೆದಿದ್ದಳು. ಮಾಸ್ತರರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ದೊಡ್ಡ ಗುರಿ ಬರೆ' ಎಂದಿದ್ದರು. ನನ್ನ ಮೈಯೆಲ್ಲ ಉರಿಯಿತು. ಏಳನೆಯ ತರಗತಿಗೇ ಶಾಲೆ ಬಿಟ್ಟು ಬೆಟಗೇರಿಯಲ್ಲಿ ಮಗ್ಗಕ್ಕೆ ಕುಳಿತವನು ನಾನು. ಯಾರ ಮುಂದೂ ಕೈಯೊಡ್ಡಿಲ್ಲ. ನೇಯುವುದನ್ನು ಅರ್ಧಕ್ಕೇ ಬಿಟ್ಟು ಅವಳೊಂದಿಗೆ ಶಾಲೆಗೆ ಹೋದೆ.

"ನಮ್ಮ ಕೆಲಸ ಸಣ್ಣದೇನ್ರಿ ಸರ? ಒಂದ ಗೇಣು ನೇಯ್ದ ತೋರಸ್ರಿ ನೋಡೋಣು!"

ಮಾಸ್ತರರು ಅದೇ ಗುರಿಯನ್ನು ಮತ್ತೆ ಬರೆಯಲೆಂದು ಹೊಸ ಹಾಳೆ ಕೊಟ್ಟರು.

ಹೊರಗೆ ಬಂದೊಡನೆ ಮಗಳು ಕುಣಿದಳು. "ಹಂಗಾರ ಇವತ್ತ ಮಗ್ಗಕ್ಕ ಕುಂಡ್ರಲೇನಪಾ?"

"ಸುಮ್ಕಿರ! ಓದಿ ನೌಕರಿ ಹಿಡಿಯೋದ ನೋಡು" ಎಂದು ಗದರಿಬಿಟ್ಟೆ.

"ಸರ ಅಂದದ್ದೂ ಅದನ್ನ ಅಲ್ಲೇನು?"

ಸಿಟ್ಟು ನೆತ್ತಿಗೇರಿತು. ಅವಳ ಮುಖ ನೋಡಲಾರದೆ ಬಿರಬಿರನೆ ನಡೆದೆ.