ಖಾಲಿ ಪೆಟ್ಟಿಗೆಯ ಮೇಣ

ನನ್ನ ಹೆಂಡತಿ ಸಾಕಿದ್ದ ಜೇನುಹುಳುಗಳನ್ನು ಸಾಯಿಸಿದವನು ನಾನೇ.

ಹೊಣಕೆರೆ ಹತ್ತಿರದ ನಮ್ಮ ಹೊಲದಲ್ಲಿ ಅವರೆ ಹೂವಾಗಿತ್ತು. ಕಾಯಿಗೆ ಹುಳ ಬೀಳುತ್ತಿದೆಯೆಂದು ಬೆಳಗಿನ ಬಿಸಿಲಲ್ಲೇ ಔಷಧಿ ಹೊಡೆದೆ. ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬೇಕೆಂದು ಅವಳು ಎಷ್ಟೋ ಸಲ ಹೇಳಿದ್ದಳು. ಬಾಡಿಗೆ ಪಂಪು ಬೆಳಿಗ್ಗೆಯೇ ಸಿಕ್ಕಿಬಿಟ್ಟಿತ್ತು, ಅಷ್ಟೇ. ಮಾರನೆಯ ದಿನ ಅವಳ ಎರಡೂ ಪೆಟ್ಟಿಗೆಗಳ ಮುಂದೆ ಸತ್ತ ಹುಳುಗಳು ರಾಶಿಯಾಗಿ ಬಿದ್ದಿದ್ದವು.

"ಒಂದ್ ಮಾತ್ ಕೇಳಿದ್ರೆ ಏನಾಗ್ತಿತ್ತು?" ಅಂದಳು. ಆಮೇಲೆ ಊಟಕ್ಕೆ ಕರೆಯುವುದು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ.

ಪೆಟ್ಟಿಗೆಯೊಳಗಿನ ಖಾಲಿ ಜೇನುಹುಟ್ಟುಗಳನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ನಾಗಮಂಗಲದಲ್ಲಿ ದಾರಕ್ಕೆ ಜೇನುಮೇಣ ಸವರುವ ಟೈಲರೊಬ್ಬರಿದ್ದರು. ಅವರಿಗಾದರೂ ಬೇಕಾದೀತೆಂದು ಚೀಲದಲ್ಲಿ ತುಂಬಿಕೊಂಡು ಹೋದೆ. ಅಂಗಡಿಯಲ್ಲಿ ಕೂತಿದ್ದ ಅವರ ವಯಸ್ಸಾದ ತಾಯಿ ಒಂದು ಚೂರು ಮೂಸಿ ನೋಡಿ, ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

"ಮಾರ್ಬ್ಯಾಡ ಬೇಟಾ. ನಮ್ಮತ್ತೆ ದರ್ಗಾಕ್ಕೆ ಇದ್ರಲ್ಲೇ ಮೇಣದ್ ಬತ್ತಿ ಮಾಡ್ತಿದ್ರು. ನಿನ್ ಹೆಂಡ್ತೀನ ಕರ್ಕೊಂಡ್ ಬಾ, ಇದು ಇಬ್ರ ಕೆಲ್ಸ."

ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಆ ತಾಯಿ ಹುಟ್ಟುಗಳನ್ನು ನೀರಿನಲ್ಲಿ ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ ಹಿಂಡಿಸಿದರು. ನೀರು ತಣ್ಣಗಾದಂತೆ ಮೇಲೆ ಹಳದಿ ಬಿಲ್ಲೆ ಕಟ್ಟಿತು. ಎರಡು ಪೆಟ್ಟಿಗೆಯಿಂದ ಬಂದದ್ದು ಅಂಗೈಯಗಲದ್ದು. ಅದನ್ನು ಬಿಸಿನೀರಿನ ಮೇಲಿಟ್ಟ ಬಟ್ಟಲಲ್ಲಿ ಕರಗಿಸಿದರು. ನೇರವಾಗಿ ಉರಿಗಿಟ್ಟರೆ ಸೀಯುತ್ತದಂತೆ. ಮೊಳೆಗೆ ಹತ್ತಿಯ ದಾರ ಕಟ್ಟಿ ಇಳಿಬಿಟ್ಟರು. ನಾನು ದಾರ ತಿರುಗಿಸುತ್ತಿರಬೇಕು, ಅವಳು ಚಮಚದಿಂದ ಮೇಣ ಸುರಿಯಬೇಕು. ಕೆಳಗಿನ ತಟ್ಟೆಗೆ ಸೋರಿದ್ದು ಮತ್ತೆ ಬಟ್ಟಲಿಗೆ.

ನನ್ನ ಚಾಳಿಯೇ ಆತುರ. ಒಂದು ಪದರ ಆರುವ ಮೊದಲೇ "ಸುರಿ" ಅಂದೆ. ಆಗಲೇ ಅಂಟಿದ್ದ ಮೇಣವೂ ಕರಗಿ ಜಾರಿತು.

"ಆರ್ಲಿ ತಡಿ," ಅಂದಳು. ಎಷ್ಟೋ ದಿನಗಳ ಮೇಲೆ ನನಗೆಂದೇ ಆಡಿದ ಮಾತು.

ಕಾದೆ. ಅವಳು ತಲೆಯಾಡಿಸಿದಾಗ ಮಾತ್ರ ದಾರ ತಿರುಗಿಸಿದೆ. ಅವಳ ಕೈಯನ್ನೇ ಗಮನಿಸುತ್ತಿದ್ದಾಗ ಅನ್ನಿಸಿತು: ಇಷ್ಟು ವರ್ಷ ಒಟ್ಟಿಗೆ ಬೇಸಾಯ ಮಾಡಿಯೂ ಅವಳ ಲಯಕ್ಕೆ ನನ್ನ ಕೆಲಸವನ್ನು ನಾನು ಒಮ್ಮೆಯೂ ಹೊಂದಿಸಿರಲಿಲ್ಲ. ಕೇಳಿದ್ದೇನೆ ಅಂದುಕೊಂಡದ್ದೆಲ್ಲ ಬರೀ ಹೂಂಗುಟ್ಟಿದ್ದು.

ಕೊನೆಗೆ ಬೆಚ್ಚಗಿರುವಾಗಲೇ ಮಣೆಯ ಮೇಲೆ ಹೊರಳಿಸಿ ನುಣುಪು ಮಾಡಿದೆವು. ಮೂರು ಬತ್ತಿಯಾದವು. ಒಂದನ್ನು ಆ ತಾಯಿಗೆ ಕೊಟ್ಟೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. "ತಪ್ಪು ನಂದೇ ಕಣೆ."

"ಗೊತ್ತು," ಅಂದಳು. ನನ್ನ ಕಡೆ ತಿರುಗಿ, "ನಮ್ಮವ್ವನ ಮನೇಲಿ ಒಂದು ಜೇನ್ ಪೆಟ್ಗೆ ಕೊಡ್ತಾರೆ. ಔಷ್ದಿ ಬಿದ್ದಿರೋ ಹೂವೆಲ್ಲ ಉದುರ್ಲಿ, ತರಾನ," ಅಂದಳು.