ನೀಲಕ್ಕನ ನಾಲ್ಕು ಜೊತೆ

ನಮ್ಮ ನೀಲಕ್ಕ ನಿಮ್ಮ ಮುಖ ನೋಡಲ್ಲ. ಕೊಬ್ಬು ಅಂದ್ಕೋಬೇಡಿ. ಸಿದ್ಧಾರ್ಥನಗರದ ನಮ್ಮ ಮಠದ ದೇವಸ್ಥಾನದ ಮುಂದೆ ಹದಿನಾಲ್ಕು ವರ್ಷದಿಂದ ಚಪ್ಪಲಿ ಕಾಯೋ ಹೆಂಗಸು ಅವಳು. ಅವಳಿಗೆ ಮನುಷ್ಯರು ಅಂದ್ರೆ ಮೊಣಕಾಲಿಂದ ಕೆಳಗೆ, ಅಷ್ಟೇ. ನಾನು ಸುಂದರಮ್ಮ, ಅವಳ ಪಕ್ಕದಲ್ಲೇ ಬುಟ್ಟಿ ಇಟ್ಕೊಂಡು ಹೂವು ಮಾರೋಳು. ನನ್ನ ಮಾತು ನಂಬಬಹುದು, ಸುಳ್ಳು ಹೇಳೋಕೆ ನನಗೆ ಪುರುಸೊತ್ತಿಲ್ಲ.

ಬೇರೆ ಕಡೆ ಟೋಕನ್ ಕೊಡ್ತಾರೆ. ನೀಲಕ್ಕನ ಹತ್ರ ಟೋಕನ್ ಇಲ್ಲ, ಚೀಟಿ ಇಲ್ಲ. ಒಂದು ಸಲಕ್ಕೆ ನಾಲ್ಕೇ ಜೊತೆ ತಗೋತಾಳೆ. ಒಂದೊಂದರಲ್ಲೂ ಒಂದು ಗುರುತು ಹುಡುಕ್ತಾಳೆ. ಹಿಮ್ಮಡಿ ಸವೆದಿರೋದು, ಬಾರು ಕಿತ್ತು ಹೊಲಿಸಿರೋದು, ಅಂಚಲ್ಲಿ ಬಣ್ಣ ಹೋಗಿರೋದು. ಆ ಗುರುತನ್ನೂ ಅದನ್ನ ಬಿಟ್ಟ ಪಾದಾನೂ ಸೇರಿಸಿ ಒಂದ್ಸಲ ನೋಡಿ, ನಾಲ್ಕನ್ನೂ ಗೂಡಲ್ಲಿಟ್ಟು, ಆಮೇಲೇ ಮುಂದಿನ ನಾಲ್ಕಕ್ಕೆ ಕೈ ಚಾಚೋದು. ಐದನೆಯವರು ಎಷ್ಟೇ ಅವಸರ ಮಾಡ್ಲಿ, ತಿರುಗಿಯೂ ನೋಡಲ್ಲ.

"ಯಾಕಕ್ಕ, ಐದು ತಗೊಂಡ್ರೆ ಕೈ ಸುಟ್ಟೋಗುತ್ತಾ?" ಅಂತ ಒಂದಿನ ಕೇಳ್ದೆ.

"ನಾಲ್ಕು ಕಣ್ಣಲ್ಲಿ ನಿಲ್ತವೆ ಕಣೇ ಸುಂದ್ರಿ. ಐದನೇದು ಬಂತೂ ಅಂದ್ರೆ ಒಳಗಿರೋದು ಒಂದು ಎದ್ದೋಗ್ಬುಡುತ್ತೆ. ಯಾವ್ದು ಹೋಯ್ತು ಅಂತಾನೂ ಗೊತ್ತಾಗಲ್ಲ."

ಹಂಗಂತ ನೋಡಿದ್ದೆಲ್ಲ ಅವಳಿಗೆ ನೆನಪಿರುತ್ತೆ ಅಂದ್ಕೊಂಡ್ರೆ ಅದೂ ಇಲ್ಲ. ಒಂದಿನ ಅವಳ ಕಣ್ಣು ಮುಚ್ಚಿಸಿ, ನನ್ನ ಮೂಗುಬೊಟ್ಟು ಯಾವ ಕಡೆ ಇದೆ ಹೇಳು ಅಂದೆ. "ಬಲಗಡೆ," ಅಂದ್ಳು. ನಾನು ಮೂಗು ಚುಚ್ಚಿಸ್ಕೊಂಡೇ ಇಲ್ಲ! ಹದಿನಾಲ್ಕು ವರ್ಷ ಒಂದೇ ಪೊಟ್ಣದಲ್ಲಿ ಚುರುಮುರಿ ತಿಂದಿದ್ದೀವಿ ಕಣ್ರೀ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವಳೇ ಬಂದು, "ಮುಖದ ಮೇಲೆ ಗಮನ ಇಟ್ಟಿದ್ರೆ ತಾನೇ ಕಾಣೋದು? ನಿನ್ನ ಚಪ್ಪಲಿ ಬಗ್ಗೆ ಕೇಳು, ಹೇಳ್ತೀನಿ," ಅಂತ ನಗಿಸಿದ್ಲು.

ಈ ವರ್ಷ ಕಾರ್ತಿಕಕ್ಕೆ ಮುಂಚೆ ದೇವಸ್ಥಾನದ ಸಮಿತಿಗೆ ಅಮರೇಶ್ ಅಂತ ಹೊಸ ಕಾರ್ಯದರ್ಶಿ ಬಂದ್ರು. ಅವರಿಗೆ ಎಲ್ಲಾ ಶಿಸ್ತಾಗಿರಬೇಕು. "ನೀಲಮ್ಮನೋರೇ, ಬರೀ ನೆನಪಿನ ಮೇಲೆ ಎಷ್ಟು ದಿನ ನಡೆಸ್ತೀರಾ? ಟೋಕನ್ ತರಿಸ್ತೀವಿ. ಏಜೆನ್ಸಿ ಕಡೆಯಿಂದ ಒಬ್ಬರನ್ನ ಕೂರಿಸ್ತೀವಿ," ಅಂದ್ರು. ನೀಲಕ್ಕನ ಮುಖ ಬಿಳಿಚ್ಕೊಳ್ತು. ಗಂಡ ಹೋದ ಮೇಲೆ ಅವಳು ಯಾರ ಹಂಗೂ ಇಲ್ಲದೆ ಬದುಕಿದ್ದೇ ಚಪ್ಪಲಿ ಗೂಡಿನ ಮುಂದಿನ ಆ ಮಣೆ ಮೇಲೆ ಕೂತು. ನನಗೆ ತಡೀಲಿಲ್ಲ. "ಇಷ್ಟು ವರ್ಷದಲ್ಲಿ ಒಂದು ಜೊತೆ ಅದಲು ಬದಲಾಗಿದ್ರೆ ತೋರ್ಸಿ ಸಾರ್!" ಅಂತ ಜಗಳಕ್ಕೇ ನಿಂತೆ. ಕೊನೆಗೆ ಒಂದು ಒಪ್ಪಂದ ಆಯ್ತು. ಕಡೇ ಕಾರ್ತಿಕ ಸೋಮವಾರ, ಕಾಲಿಡೋಕೆ ಜಾಗ ಇಲ್ಲದ ದಿನ, ಒಂದು ತಪ್ಪೂ ಆಗದಿದ್ರೆ ನೀಲಕ್ಕ ಇರ್ತಾಳೆ. ಒಂದಾದ್ರೂ ಆದ್ರೆ ಮನೆಗೆ.

ಆ ಸೋಮವಾರ ಬೆಳಿಗ್ಗೆ ಆರಕ್ಕೇ ಸಾಲು. ನಾನು ವ್ಯಾಪಾರ ಬಿಟ್ಟು ಅವಳ ಕೈಯನ್ನೇ ನೋಡ್ತಾ ಕೂತೆ. ಇಲ್ಲದ ತಪ್ಪನ್ನ ಅಮರೇಶ್ ಹುಡುಕಬಾರದಲ್ಲ! ನಾಲ್ಕು, ಗೂಡಿಗೆ. ಮತ್ತೆ ನಾಲ್ಕು, ಗೂಡಿಗೆ. ಹನ್ನೊಂದು ಗಂಟೆಗೆ ಬುಟ್ಟಿಗೆ ಕೈ ಹಾಕಿದ್ರೆ ಬರೀ ಬಾಳೆನಾರು. ಬೀದಿ ಹಸು ಒಂದು ನನ್ನ ಮಗ್ಗುಲಲ್ಲೇ ನಿಂತು ಮೂರು ಮಾರು ಸೇವಂತಿಗೆ ಮುಗಿಸಿ, ಬಾಲದಲ್ಲಿ ನನ್ನ ಬೆನ್ನಿಗೆ ಎರಡು ಬಾರಿಸಿ ಹೋಗಿತ್ತಂತೆ. ಎಳನೀರಿನವನು ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ದೇವರಾಣೆ, ನನಗೆ ಹಸು ಕಾಣಲೇ ಇಲ್ಲ.

ಹನ್ನೆರಡಕ್ಕೆ ಮಠದ ಹಿರಿಯ ಸ್ವಾಮಿಗಳ ಕಾರು ಬಂತು. ಅವರನ್ನ ನಾವೆಲ್ಲ ಬುದ್ಧಿ ಅಂತ ಕರೆಯೋದು. ಅವರು ಬಂದ್ರೆ ಕೂತೋರು ಎದ್ದು ಕೈ ಮುಗೀಬೇಕು, ಅದು ಪದ್ಧತಿ. ಇಡೀ ಸಾಲು ಸರಿದು ದಾರಿ ಬಿಡ್ತು. ನಾನೂ ಎದ್ದೆ. ನೀಲಕ್ಕ ಏಳಲಿಲ್ಲ. ಅವಳ ಕೈಲಿ ನಾಲ್ಕು ಜೊತೆ ಇತ್ತು. ಬುದ್ಧಿಯವರು ಪಾದುಕೆ ಕಾರಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಿದ್ರು. ಅವಳ ಮುಂದೆಯೇ ನಿಂತು, "ಚೆನ್ನಾಗಿದ್ದೀಯಾ ತಾಯಿ?" ಅಂದ್ರು.

"ಚಪ್ಪಲಿ ಇಲ್ದೋರು ಸಾಲಲ್ಲಿ ಯಾಕ್ ನಿಂತ್ಕೋತೀರಾ ಯಜಮಾನ್ರೇ? ಸರೀರಿ ಆ ಕಡೆ!" ಅಂದ್ಳು ನೀಲಕ್ಕ, ತಲೆ ಎತ್ತದೆ.

ಅಯ್ಯೋ ಶಿವನೇ! ಬುದ್ಧಿಯವರು ಸರಿದು ನಿಂತ್ರು. ನಾಲ್ಕೂ ಜೊತೆ ಗೂಡು ಸೇರಿದ ಮೇಲೆ ನೀಲಕ್ಕ ತಲೆ ಎತ್ತಿದ್ಲು, ಕಾವಿ ಕಂಡ್ಲು, ಅಲ್ಲೇ ಅಡ್ಡಬಿದ್ದು ಅಳೋಕೆ ಶುರು ಮಾಡಿದ್ಲು. "ತಪ್ಪಾಯ್ತು ಬುದ್ಧಿ, ಕಾಣಲಿಲ್ಲ ಬುದ್ಧಿ."

ಅಮರೇಶ್ ಓಡಿ ಬಂದ್ರು. "ಕ್ಷಮಿಸಬೇಕು ಬುದ್ಧಿ. ಇವತ್ತೇ ಇವರನ್ನ ಬಿಡಿಸ್ತೀನಿ. ಎದುರಿಗೆ ನಿಂತ ಗುರುಗಳೇ ಕಾಣದೋರು ಚಪ್ಪಲಿ ಏನು ಕಾಯ್ತಾರೆ?"

ಅಲ್ಲಿಗೆ ಮುಗೀತು ಅಂದ್ಕೊಂಡೆ ನಾನು. ಬುದ್ಧಿಯವರು ಶಾಂತವಾಗಿ ಕೇಳಿದ್ರು, "ಬೆಳಿಗ್ಗೆಯಿಂದ ಎಷ್ಟು ಚಪ್ಪಲಿ ಅದಲು ಬದಲಾದವು ಅಮರೇಶ್?"

"ಚಪ್ಪಲೀಲಿ... ಒಂದೂ ಇಲ್ಲ ಬುದ್ಧಿ."

ಬುದ್ಧಿಯವರು ಹೊಟ್ಟೆ ಕುಲುಕೋ ಹಂಗೆ ನಕ್ಕುಬಿಟ್ರು. "ಇವತ್ತು ಬೆಳಿಗ್ಗೆ ನಾವು ಪೂಜೆಗೆ ಕೂತಿದ್ವಿ. ಅಂಗೈಲಿ ಇಷ್ಟಲಿಂಗ, ಕಣ್ಣೂ ಅದರ ಮೇಲೆಯೇ. ಆದ್ರೆ ಕಂಡಿದ್ದು ಲಿಂಗ ಅಲ್ಲಪ್ಪ, ಅಡುಗೆಮನೆಯ ಅಕ್ಕಿರೊಟ್ಟಿ. ಈ ತಾಯಿಗೆ ಕೈಲಿರೋ ಚಪ್ಪಲಿ ಬಿಟ್ರೆ ನಾವೂ ಕಾಣಲಿಲ್ಲ. ಟೋಕನ್ ಬೇಕಾಗಿರೋದು ನಮಗೆ ಕಣಪ್ಪ, ಇವರಿಗಲ್ಲ."

ಅಮರೇಶ್ ಮುಖ ಹುಳ್ಳಗಾಯ್ತು. ಆಮೇಲೆ ಅವರಿಗೂ ನಗು ತಡೆಯೋಕಾಗಲಿಲ್ಲ. ನಾನು ಸೆರಗಲ್ಲಿ ಕಣ್ಣು ಒರೆಸ್ಕೊಂಡೆ, ಖುಷಿಗೆ.

ನೀಲಕ್ಕ ಇನ್ನೂ ಬಿಕ್ಕುತ್ತಾ ಕೇಳಿದ್ಲು, "ಹಂಗಾದ್ರೆ ನಾಳೆ ಬರ್ಲಾ ಬುದ್ಧಿ?"

"ನಾಳೆ ಯಾಕವ್ವ? ಈಗಲೇ ಕೂತ್ಕೋ. ಪೂಜೆ ಮುಗಿಸಿದ ಜನ ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ."