ಎರವಲು ಸೈಲೆನ್ಸರ್ ಹೊತ್ತು ಕತ್ರಿಗುಪ್ಪೆಗೆ

ಗೊಟ್ಟಿಗೆರೆಯಿಂದ ಕತ್ರಿಗುಪ್ಪೆಗೆ ಹೆಚ್ಚುಕಡಿಮೆ ಹದಿನಾಲ್ಕು ಕಿಲೋಮೀಟರ್. ಸಿಗ್ನಲ್ಲುಗಳು ದಯೆ ತೋರಿದರೆ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಬೈಕೇ ಓಡದಿದ್ದರೆ ಎಷ್ಟು ಹೊತ್ತು ಎಂದು ಯಾವ ಮೊಬೈಲೂ ಹೇಳುವುದಿಲ್ಲ. ಕಳೆದ ಬೇಸಿಗೆಯ ಒಂದು ಶನಿವಾರ ನಾನೇ ಅದನ್ನು ಪರೀಕ್ಷಿಸಿ ನೋಡಿದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವನು ಕತ್ರಿಗುಪ್ಪೆ ಸೇರಿದಾಗ ಹನ್ನೆರಡಾಗಿತ್ತು.

ಬೈಕ್ ಕೊಂಡು ಹನ್ನೊಂದು ತಿಂಗಳಾಗಿತ್ತು. ಇಪ್ಪತ್ತು ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿದವನು ನಲವತ್ಮೂರನೇ ವಯಸ್ಸಿನಲ್ಲಿ ತನಗಾಗಿ ಕೊಂಡ ಒಂದೇ ಒಂದು ವಸ್ತು ಅದು. ಹಿಂದಿನ ಭಾನುವಾರ ಬನ್ನೇರುಘಟ್ಟದ ಹತ್ತಿರ ಎಂಜಿನ್ನಿನೊಳಗೆ ಕಬ್ಬಿಣ ಮುರಿದಂಥ ಸದ್ದಾಗಿ ನಿಂತುಬಿಟ್ಟಿತು. ನಮ್ಮೂರಿನ ಮೆಕ್ಯಾನಿಕ್ ಬಿಚ್ಚಿ ನೋಡದೆಯೇ ಎಂಬತ್ತು ಸಾವಿರ ಎಂದ. ವಾರಂಟಿಯಲ್ಲಾದರೆ ಎಲ್ಲವೂ ಪುಕ್ಕಟೆ.

"ವಾರಂಟೀಲಿ ಆದ್ರೆ ಇಟ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಮಾರ್ಬಿಡಿ, ಅಷ್ಟೇ" ಎಂದಳು ಹೆಂಡತಿ ಗಾಯತ್ರಿ. ಮೇಲಿನ ಬಾಡಿಗೆ ಮನೆಗೆ ಸುಣ್ಣಬಣ್ಣ ಆಗಬೇಕಿತ್ತು, ಕೈಯಲ್ಲಿದ್ದ ದುಡ್ಡು ಅದಕ್ಕೇ ಬೇಕಿತ್ತು. ಆಯಿತು ಎಂದೆ.

ತೊಡಕು ಇದ್ದದ್ದು ಇನ್ನೊಂದು ಕಡೆ. ಕಂಪನಿಯ ಸೈಲೆನ್ಸರಿನಿಂದ ಬರುತ್ತಿದ್ದದ್ದು ಮಿಕ್ಸಿಯ ಸದ್ದು. ಆರು ತಿಂಗಳ ಹಿಂದೆ ಸಾರಕ್ಕಿಯ ಶಿವು ಎಂಬ ಮೆಕ್ಯಾನಿಕ್ ಅದನ್ನು ಕಿತ್ತು ಜೋರು ಸದ್ದಿನ ಬೇರೆ ಸೈಲೆನ್ಸರ್ ಹಾಕಿದ್ದ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಟ್ಯೂನಿಂಗನ್ನೂ ಬದಲಾಯಿಸಿದ್ದ. ಗಾಡಿ ಸಖತ್ತಾಗಿ ಓಡುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ವಾರಂಟಿ ಪುಸ್ತಕದಲ್ಲಿ ಇವೆರಡಕ್ಕೂ ನಿಷೇಧವಿದೆ. ಅದಕ್ಕೇ ನಮ್ಮ ಕಡೆ ಶೋರೂಮಿಗೆ ಹೋಗುವ ಮುಂಚೆ ಎಲ್ಲರೂ ಮಾಡುವುದೊಂದೇ ಕೆಲಸ: ಹಳೆಯದನ್ನು ಮತ್ತೆ ಹಾಕಿಸಿಕೊಂಡು ಸಾಧುವಿನಂತೆ ಹೋಗಿ ನಿಲ್ಲುವುದು.

ನನ್ನನ್ನು ತಳ್ಳಲು ಬಂದವನು ಬಾಲ್ಯದ ಗೆಳೆಯ ಮಂಜು, ಹಾಲಿನ ಬೂತಿನವನು. ನಾನು ಸತ್ತ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿಯುವುದು, ಅವನು ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದು ನನ್ನ ಹಿಂದಿನ ಫುಟ್‌ರೆಸ್ಟಿಗೆ ಎಡಗಾಲು ಕೊಟ್ಟು ತಳ್ಳುವುದು. ಈ ಊರಿನಲ್ಲಿ ಸ್ನೇಹವನ್ನು ಅಳೆಯಬೇಕಾದರೆ ಹೀಗೇ ಅಳೆಯಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋ ಕೆಲಸದ ಧೂಳು ಕಣ್ಣಿಗೆ ರಾಚುತ್ತಿತ್ತು. ಹುಳಿಮಾವಿನಲ್ಲಿ ಒಂದು ಬಸ್ಸು ನಮ್ಮಿಬ್ಬರನ್ನೂ ಚರಂಡಿಯವರೆಗೆ ಒತ್ತಿತು. ಅರಕೆರೆ ಗೇಟಿನ ಬಳಿ ನಿಂತು ಇಡ್ಲಿ ತಿಂದೆವು. ಮಂಜು ತನ್ನ ಕಾಲು ನೀವಿಕೊಂಡು, "ಮಗಾ, ಮುಂದಿನ್ಸಲ ಸೈಕಲ್ ತಗೋ" ಎಂದ.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಶಿವು ಆಗಷ್ಟೇ ಷಟರ್ ಎತ್ತಿದ್ದ. ನನ್ನ ಹಳೆಯ ಸೈಲೆನ್ಸರ್ ಕೇಳಿದೆ. ಬಿಚ್ಚಿದ ದಿನ ಮನೆಗೆ ಒಯ್ಯುತ್ತೇನೆಂದರೆ ಅವನೇ, "ಇಲ್ಲೇ ಇರ್ಲಿ ಬಿಡಿ ಅಣ್ಣ, ಸೇಫಾಗಿರುತ್ತೆ" ಎಂದು ಇಟ್ಟುಕೊಂಡಿದ್ದ. ಈಗ ಅಟ್ಟ ಹತ್ತಿ, ಇಳಿದು, ತಲೆ ಕೆರೆದುಕೊಂಡ.

"ನಿಮ್ದು ಯಾರಿಗೋ ಹೋಗ್ಬಿಟ್ಟಿದೆ ಅಣ್ಣ. ಟೆನ್ಷನ್ ಬೇಡ. ಇದು ಹಾಕ್ತೀನಿ, ಶೋರೂಮ್ ಸೈಲೆನ್ಸರು."

ಅವನ ಅಂಗಡಿಯಲ್ಲಿ ಅದಕ್ಕೆ ಹೆಸರೇ ಹಾಗೆ. ಅದೇ ಮಾಡೆಲ್ ಬೈಕಿನದು, ಬದಿಯಲ್ಲಿ ನಿಂಬೆಹಣ್ಣಿನಷ್ಟು ಗುಂಡಿ ಬಿದ್ದಿತ್ತು. ಯಾರ ಗಾಡಿ ವಾರಂಟಿಗೆ ಹೋಗಬೇಕೋ ಅವರಿಗೆ ಅದನ್ನು ಕಟ್ಟಿ ಕಳಿಸುತ್ತಾನೆ, ಬಂದ ಮೇಲೆ ಬಿಚ್ಚಿ ಇಟ್ಟುಕೊಳ್ಳುತ್ತಾನೆ. ಮದುವೆ ಮನೆಗೆ ಓರಗಿತ್ತಿಯ ಒಡವೆ ಹಾಕಿಕೊಂಡು ಹೋಗುವ ಹಾಗೆ. ಲ್ಯಾಪ್‌ಟಾಪ್ ಹಚ್ಚಿ ಟ್ಯೂನಿಂಗನ್ನೂ ಮೊದಲಿನಂತೆ ಮಾಡಿ, "ದೇವ್ರು ಬಂದ್ರೂ ಗೊತ್ತಾಗಲ್ಲ" ಎಂದ. ನಾನು ನಂಬಿದೆ. ನಂಬದಿರಲು ನನಗೆ ಪುರುಸೊತ್ತಿರಲಿಲ್ಲ.

ಬನಶಂಕರಿ ಬಸ್ ನಿಲ್ದಾಣ, ಕದಿರೇನಹಳ್ಳಿ ಅಂಡರ್‌ಪಾಸ್, ಆ ಏರಿನಲ್ಲಿ ಇಬ್ಬರೂ ಇಳಿದು ಬೈಕನ್ನು ಕೈಯಿಂದ ತಳ್ಳಿದ್ದು, ಇವೆಲ್ಲ ನೆನಪಿದ್ದರೂ ಬರೆಯಲು ಮನಸ್ಸಿಲ್ಲ. ಕತ್ರಿಗುಪ್ಪೆಯ ಸರ್ವಿಸ್ ಸೆಂಟರಿನಲ್ಲಿ ಏಸಿ ಇತ್ತು, ಕಾಫಿ ಪುಕ್ಕಟೆಯಾಗಿತ್ತು. ಗಾಡಿ ನೋಡಿ ದೂರು ಬರೆದುಕೊಳ್ಳುವ ಸತೀಶ್ ಎಂಬ ಹೊಸ ಅಡ್ವೈಸರ್ ಹೊರಗೆ ಬಂದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಎಂಜಿನ್ ಕಡೆ ನೋಡಲೇ ಇಲ್ಲ, ಸೈಲೆನ್ಸರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಸಾರಕ್ಕಿಯಿಂದ ಬಂತಾ ಸಾರ್?"

"ಇಲ್ಲ, ಗೊಟ್ಟಿಗೆರೆ."

"ಗಾಡಿ ಅಲ್ಲ ಸಾರ್, ಸೈಲೆನ್ಸರ್." ಗುಂಡಿಯ ಮೇಲೆ ಬೆರಳಿಟ್ಟ. "ಹೋದ ತಿಂಗಳು ಒಂದು ನೀಲಿ ಗಾಡಿ ಜೊತೆ ಬಂದಿತ್ತು. ಅದಕ್ಕೂ ಮುಂಚೆ ಒಂದು ಕಪ್ಪು ಗಾಡಿ ಜೊತೆ. ಫೋಟೋ ಕಂಪನಿ ಹತ್ರ ಇದೆ."

ಮಂಜು ಆಕಾಶ ನೋಡಿದ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಕೂಗಾಡುವುದು ನನ್ನ ಹುಟ್ಟುಗುಣ. ಸೈಲೆನ್ಸರ್ ಬದಲಾಯಿಸುವ ಮೊದಲೇ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು ಬರುತ್ತದೆಂದು ಮೂರು ಸಲ ಇಲ್ಲೇ ದೂರು ಕೊಟ್ಟಿದ್ದೇನೆ, ತೆಗೆಯಿರಿ ನಿಮ್ಮ ಕಾಗದ ಎಂದು ಅರಚಿದೆ. ಅವನು ಒಳಗೆ ಹೋಗಿ ಮೂರು ಜಾಬ್ ಕಾರ್ಡ್ ತಂದ. ಮೂರರಲ್ಲೂ ಇಂಗ್ಲಿಷಿನಲ್ಲಿ ಬರೆದಿದ್ದದ್ದು ಒಂದೇ: ಸದ್ದು ಕಂಡುಬಂದಿಲ್ಲ, ಗ್ರಾಹಕರು ತೃಪ್ತರಾಗಿದ್ದಾರೆ. ಕೆಳಗೆ ನನ್ನ ಸಹಿ. ಆಗ ಇದ್ದ ಅಡ್ವೈಸರ್, "ಹೊಸ ಗಾಡಿ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ, ಇಲ್ಲೊಂದು ಸೈನ್ ಮಾಡಿ" ಎಂದಿದ್ದ. ಓದದೆ ಮಾಡಿದ್ದೆ. ಅವನೀಗ ಬೇರೆ ಊರಿನ ಬ್ರಾಂಚಿನಲ್ಲಿದ್ದಾನಂತೆ.

ಸತೀಶ್ ನನ್ನನ್ನು ಕೈ ತೊಳೆಯುವ ಬೇಸಿನ್ ಹತ್ತಿರ ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

"ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಒಳಗಡೆ ಚೈನ್ ಬಿಗಿಯಾಗಿಡೋ ಟೆನ್ಷನರ್ ಹೋಗಿದೆ ಅನ್ಸುತ್ತೆ. ಅದು ಈ ಮಾಡೆಲ್‌ನಲ್ಲೇ ವೀಕು, ಕಂಪನಿಗೂ ಗೊತ್ತು. ನೀವು ಆ ಜೋರು ಸೌಂಡಿನ ಸೈಲೆನ್ಸರಲ್ಲೇ ಬಂದು ಇರೋದು ಹೇಳಿದ್ದಿದ್ರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನೇ ಬರೀತಿದ್ದೆ. ಎರಡು ಗಾಡಿಗೆ ಹಂಗೇ ಪಾಸ್ ಮಾಡ್ಸಿದೀನಿ. ಈಗ ಮುಚ್ಚಿಟ್ಟಿದ್ದು ಅಂತ ಆಗೋಯ್ತು. ನನ್ನ ಕೈಲಿ ಏನೂ ಇಲ್ಲ."

"ಇನ್ನೊಂದ್ಸಲ ಬರ್ತೀನಿ, ಆ ಸೈಲೆನ್ಸರ್ ಹಾಕ್ಕೊಂಡು."

"ಗೇಟಲ್ಲೇ ಫೋಟೋ ತೆಗ್ದು ಕಂಪನಿಗೆ ಕಳ್ಸಿ ಆಗಿದೆ ಸಾರ್."

ವಾರಂಟಿ ಇಲ್ಲದೆ ಕೈಯಿಂದ ದುಡ್ಡು ಕೊಟ್ಟು ಮಾಡಿಸುವುದಾದರೆ ತೊಂಬತ್ತಾರು ಸಾವಿರ ಎಂದು ಚೀಟಿ ಕೊಟ್ಟ. ಬೇಡವೆಂದೆ. ಗೇಟ್ ಪಾಸ್ ಕೊಡುವಾಗ ತುಸು ಸಂಕೋಚದಿಂದ, "ಸಂಜೆ ಕಂಪನಿಯಿಂದ ಫೋನ್ ಬರುತ್ತೆ. ನನ್ನ ಬಗ್ಗೆ ಹತ್ತಕ್ಕೆ ಎಷ್ಟು ಅಂತ ಕೇಳ್ತಾರೆ. ಹತ್ತು ಅನ್ನಿ ಸಾರ್, ಒಂದು ಕಮ್ಮಿಯಾದ್ರೂ ಈ ತಿಂಗಳ ಇನ್ಸೆಂಟಿವ್ ಹೋಗುತ್ತೆ" ಎಂದ. ನಾನು ಪಾಸ್ ಜೇಬಿಗಿಟ್ಟುಕೊಂಡು ಬೈಕಿನತ್ತ ನಡೆದೆ.

ವಾಪಸು ಸಾರಕ್ಕಿಗೆ ಬಂದಾಗ ಎರಡೂವರೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಶಿವುವಿಗೆ ನಡೆದದ್ದೆಲ್ಲ ಹೇಳಿದೆ. ಅವನಿಗೆ ನನ್ನ ಎಂಜಿನ್ನಿನ ಬಗ್ಗೆ ಎಳ್ಳಷ್ಟೂ ಚಿಂತೆಯಾಗಲಿಲ್ಲ. ಗುಂಡಿಯನ್ನೇ ತಿರುಗಿಸಿ ತಿರುಗಿಸಿ ನೋಡಿದ.

"ಇದ್ರಿಂದ ಸಿಕ್ಕಾಕ್ಕೊಂಡ್ರಾ? ತುಂಬಿ ಪೈಂಟ್ ಹೊಡ್ದುಬಿಡ್ತೀನಿ. ಸೋಮವಾರ ಇನ್ನೊಬ್ರಿಗೆ ಬೇಕು."

ಅವನನ್ನು ಬೈಯಲು ಬಾಯಿ ತೆರೆದೆ. ಬೈದರೆ ಬೆಳಿಗ್ಗೆ ಬಿಚ್ಚಿಟ್ಟ ನನ್ನ ಜೋರು ಸದ್ದಿನ ಸೈಲೆನ್ಸರ್ ಯಾರು ಕಟ್ಟಿಕೊಡುತ್ತಾರೆ? ಕಟ್ಟಿಸಿಕೊಂಡು, ಕೂಲಿ ಕೊಟ್ಟು ಹೊರಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹುಳಿಮಾವಿನ ಹತ್ತಿರ ಎಳನೀರು ಕುಡಿಯಲು ನಿಂತಾಗ ಫೋನ್ ಬಂತು. ಹಿಂದೆ ದೂರು ಕೊಟ್ಟ ಮೂರು ಸಲವೂ ಇದೇ ಫೋನ್ ಬಂದಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಹತ್ತು ಎಂದು ಹೇಳಿ ಇಟ್ಟಿದ್ದೆ. ಈ ಸಲವೂ ಒಬ್ಬ ಹುಡುಗಿಯ ಸವಿದನಿ.

"ಅಡ್ವೈಸರ್ ಸತೀಶ್ ಅವ್ರಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸಾರ್?"

ಮಂಜು ಅಂಗಡಿಯವನಿಗೆ ದುಡ್ಡು ಕೊಡುತ್ತಿದ್ದ. ನಾನು ಅವನಿಗೆ ಬೆನ್ನು ಮಾಡಿ ಉತ್ತರ ಹೇಳಿ ಫೋನ್ ಜೇಬಿಗಿಟ್ಟೆ.

ಮನೆ ತಲುಪಿದಾಗ ಐದು ದಾಟಿತ್ತು. ಗಾಯತ್ರಿ ಗೇಟಿನಲ್ಲೇ ನಿಂತಿದ್ದಳು. ಏನಾಯಿತೆಂದು ಕೇಳುವ ಮೊದಲೇ, "ಮಾರೋಣ" ಎಂದೆ. ಅವಳು ಗೆದ್ದವಳಂತೆ ನೋಡಲಿಲ್ಲ, ನೋಡಿದ್ದರೆ ಚೆನ್ನಾಗಿತ್ತು. ಕಾಫಿ ಇಡಲು ಒಳಗೆ ಹೋದಳು.

ಮಂಜು ಸ್ಕೂಟರಿನ ಮೇಲೆ ಕೂತೇ ಎಡಗಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದ. "ಫೋನ್ ಬಂದಿದ್ದು ಕಂಪನಿಯಿಂದ ತಾನೆ? ಎಷ್ಟು ಕೊಟ್ಟೆ?"

"ಒಂದು."

ಅವನು ಒತ್ತುವುದನ್ನು ನಿಲ್ಲಿಸಿದ. "ಲೋ, ಇವತ್ತು ನಮ್ಮತ್ರ ನಿಜ ಮಾತಾಡಿದ್ದು ಅವನೊಬ್ನೇ ಕಣೋ."

"ಗೊತ್ತು" ಎಂದೆ. ಒಂದು ಎನ್ನುವಾಗಲೂ ಗೊತ್ತಿತ್ತು. ಆದರೆ ಇಡೀ ದಿನದಲ್ಲಿ ನನ್ನ ಕೈಗೆ ಸಿಕ್ಕಿದ್ದು ಅವನೊಬ್ಬನೇ.